ಜಾಲತಾಣಕ್ಕೆ ಮೊದಲು ಕರಡು

ಮನೆ ಕಟ್ಟಲು ಹೊರಟವರು ನೆಲವನ್ನು ಅಗೆಯುವುದಕ್ಕೆ ಮೊದಲು ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ದರ್ಜಿಯು ಬಟ್ಟೆಗೆ ಕತ್ತರಿ ಹಾಕುವುದಕ್ಕೆ ಮೊದಲು ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳುತ್ತಾನೆ. ಹಬ್ಬದ ದಿನ ಅಂಗಳದಲ್ಲಿ ದೊಡ್ಡ ರಂಗೋಲಿಯನ್ನು ಬಿಡಿಸಬೇಕಾದ ಗೃಹಿಣಿಯು ಹಿಂದಿನ ರಾತ್ರಿಯೇ ಚುಕ್ಕಿಗಳ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡುತ್ತಾಳೆ. ಈ ಮೂವರಿಗೂ ತಿಳಿದಿರುವ ಸತ್ಯ ಒಂದೇ. ಗೆರೆಯಲ್ಲಿ ಆದ ತಪ್ಪನ್ನು ಕೈಯಿಂದ ಒರೆಸಬಹುದು. ಗೋಡೆಯಲ್ಲಿ ಆದ ತಪ್ಪನ್ನು ಹಾಗೆ ಒರೆಸಲಾಗದು. ಕೆಲಸವು ದೊಡ್ಡದಾದಷ್ಟೂ, ಅದನ್ನು ಬಳಸುವ ಜನ ಹೆಚ್ಚಾದಷ್ಟೂ, ಈ ಮಾತಿನ ಮಹತ್ವ ಹೆಚ್ಚುತ್ತದೆ.

ನಮ್ಮ ಪೂರ್ವಿಕರು ಈ ತತ್ತ್ವವನ್ನು ಚೆನ್ನಾಗಿ ಅರಿತಿದ್ದರು. ಮಧ್ಯಪ್ರದೇಶದ ಭೋಪಾಲ ನಗರಕ್ಕೆ ಸಮೀಪದಲ್ಲಿರುವ ಭೋಜಪುರದಲ್ಲಿ 11ನೆಯ ಶತಮಾನದ ಶಿವಾಲಯವೊಂದುಂಟು. ಪರಮಾರ ವಂಶದ ಭೋಜರಾಜನು ಕಟ್ಟಿಸಿದುದೆಂದು ಹೇಳಲಾಗುವ ಈ ದೇವಾಲಯವು ಪೂರ್ಣಗೊಳ್ಳದೆ ಉಳಿಯಿತು. ಅದರ ಸುತ್ತಲಿನ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದ ರೇಖಾಚಿತ್ರಗಳನ್ನು ಇಂದಿಗೂ ಕಾಣಬಹುದು. ಕಂಬಗಳು, ಶಿಖರ, ನೆಲದ ವಿನ್ಯಾಸ ಇವೆಲ್ಲವೂ ಅಲ್ಲಿ ಬರಿಯ ಗೆರೆಗಳಾಗಿ ಮೂಡಿವೆ. ಕೋಟಿ ಉಳಿಪೆಟ್ಟುಗಳ ಕೆಲಸಕ್ಕೆ ತೊಡಗುವ ಮೊದಲು ಹತ್ತು ಜನರು ಸುತ್ತ ನಿಂತು ನೋಡಿ ಚರ್ಚಿಸಲು ಅನುಕೂಲವಾಗುವಂತಹ ಚಿತ್ರಗಳು ಅವು. ಅವುಗಳನ್ನು ಬರೆಯಲು ಬೇಕಾದ ಸಲಕರಣೆ ಶಿಲ್ಪಿಯ ಕೈಯಲ್ಲಿ ಸದಾ ಇದ್ದ ಉಳಿಯೇ ಹೊರತು ಬೇರೆ ಯಾವುದೂ ಆಗಿರಲಿಲ್ಲ.

ನಮ್ಮ ಕಾಲದಲ್ಲಿ ಕಲ್ಲು ಗಾರೆಗಳಿಲ್ಲದೆಯೂ ಕಟ್ಟುವ ಕಟ್ಟಡಗಳಿವೆ. ಜಾಲತಾಣವು ಅಂಥದೊಂದು. 1989ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಅವರು, ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಚದುರಿಹೋಗಿರುವ ಬರಹಗಳನ್ನು ಕೊಂಡಿಗಳ ಮೂಲಕ ಒಂದಕ್ಕೊಂದು ಜೋಡಿಸುವ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ವ್ಯವಸ್ಥೆಯನ್ನು ಶುಲ್ಕವಿಲ್ಲದೆ ಲೋಕಕ್ಕೆಲ್ಲ ಬಿಟ್ಟುಕೊಟ್ಟಿತು. ಅಂದು ವಿಜ್ಞಾನಿಗಳ ಅನುಕೂಲಕ್ಕಾಗಿ ಹುಟ್ಟಿದ ಸಾಧನವು ಇಂದು ಜನಸಾಮಾನ್ಯರ ನಿತ್ಯಜೀವನವನ್ನು ಪ್ರವೇಶಿಸಿದೆ. ರೈತನು ತನ್ನ ಜಮೀನಿನ ಪಹಣಿಯನ್ನು ನೋಡುವುದು, ವಿದ್ಯಾರ್ಥಿಯು ಪರೀಕ್ಷೆಯ ಫಲಿತಾಂಶವನ್ನು ತಿಳಿಯುವುದು, ಪ್ರಯಾಣಿಕನು ರೈಲಿನಲ್ಲಿ ಸ್ಥಳ ಕಾಯ್ದಿರಿಸುವುದು ಎಲ್ಲವೂ ಜಾಲತಾಣದ ಮೂಲಕ ನಡೆಯುತ್ತವೆ. ಕಚೇರಿಯ ಕಿಟಕಿಯ ಬಳಿ ನಿಂತವನಿಗೆ ಸಂದೇಹ ಬಂದರೆ ಒಳಗಿರುವ ಗುಮಾಸ್ತನನ್ನು ಕೇಳಬಹುದು. ಜಾಲಪುಟದ ಎದುರು ಕುಳಿತವನಿಗೆ ಆ ಅವಕಾಶವಿಲ್ಲ. ಪುಟವು ತಾನಾಗಿಯೇ ದಾರಿ ತೋರಬೇಕು. ತೋರದಿದ್ದರೆ ಅವನ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಒಂದು ಪುಟದ ಜೋಡಣೆಯಲ್ಲಿ ಆದ ದೋಷವು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಘಟನೆಯೊಂದು ನಿದರ್ಶನ. 2000ದ ನವೆಂಬರ್ ತಿಂಗಳಲ್ಲಿ ಅಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಎಂಬ ಜಿಲ್ಲೆಯಲ್ಲಿ ವೃದ್ಧ ಮತದಾರರಿಗೆ ಅಕ್ಷರಗಳು ದೊಡ್ಡದಾಗಿ ಕಾಣಲೆಂಬ ಸದುದ್ದೇಶದಿಂದ ಅಭ್ಯರ್ಥಿಗಳ ಹೆಸರುಗಳನ್ನು ಎದುರುಬದುರಾದ ಎರಡು ಪುಟಗಳಲ್ಲಿ ಹಂಚಿ, ತೂತು ಮಾಡಬೇಕಾದ ಸ್ಥಳಗಳನ್ನು ನಡುವೆ ಒಂದೇ ಸಾಲಿನಲ್ಲಿ ಇಡಲಾಗಿತ್ತು. ಎಡಗಡೆಯ ಪಟ್ಟಿಯಲ್ಲಿ ಎರಡನೆಯದಾಗಿದ್ದ ಹೆಸರಿಗೆ ಮೂರನೆಯ ತೂತು ಸೇರಿತ್ತು. ಎರಡನೆಯ ತೂತು ಬಲಗಡೆಯ ಬೇರೊಬ್ಬ ಅಭ್ಯರ್ಥಿಯದಾಗಿತ್ತು. ಗೊಂದಲಕ್ಕೊಳಗಾದ ಮತದಾರರು ಅನೇಕರು. ಅಧ್ಯಕ್ಷ ಪದವಿಗೆ ಒಂದಕ್ಕಿಂತ ಹೆಚ್ಚು ತೂತು ಮಾಡಿದ 19,000ಕ್ಕೂ ಹೆಚ್ಚು ಮತಪತ್ರಗಳು ಆ ಜಿಲ್ಲೆಯಲ್ಲಿ ಅಸಿಂಧುವಾದವು. ಇಡೀ ಫ್ಲಾರಿಡಾ ರಾಜ್ಯದಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ಅಂತರ ಕೇವಲ 537 ಮತಗಳು. ಪುಟವನ್ನು ರೂಪಿಸಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಒಳ್ಳೆಯ ಉದ್ದೇಶವೊಂದೇ ಪುಟವನ್ನು ಸುಗಮವಾಗಿಸುವುದಿಲ್ಲ.

ಜಾಲತಾಣದ್ದೇ ಇನ್ನೊಂದು ನಿದರ್ಶನವನ್ನು ನೋಡೋಣ. 2013ರ ಅಕ್ಟೋಬರ್ 1ರಂದು ಅಮೆರಿಕದ ಸರ್ಕಾರವು ಜನರು ಆರೋಗ್ಯ ವಿಮೆಯನ್ನು ಪಡೆಯಲೆಂದು ಹೆಲ್ತ್‌ಕೇರ್.ಗವ್ ಎಂಬ ಜಾಲತಾಣವನ್ನು ತೆರೆಯಿತು. ಮೊದಲ ದಿನ ಅದರಲ್ಲಿ ವಿಮೆಗೆ ಹೆಸರು ನೋಂದಾಯಿಸಲು ಸಮರ್ಥರಾದವರು 6 ಮಂದಿ ಮಾತ್ರ. ಯಂತ್ರಗಳ ಸಾಮರ್ಥ್ಯ ಸಾಲದಿದ್ದುದು, ಪರೀಕ್ಷೆಗೆ ಸಮಯ ಸಾಲದಿದ್ದುದು ಮೊದಲಾಗಿ ಈ ವೈಫಲ್ಯಕ್ಕೆ ಅನೇಕ ಕಾರಣಗಳಿದ್ದವು. ಅವುಗಳಲ್ಲಿ ಒಂದು ಪುಟಗಳ ಅನುಕ್ರಮಕ್ಕೆ ಸಂಬಂಧಿಸಿದ್ದು. ಯಾವ ಯಾವ ವಿಮೆಗಳಿವೆ, ಅವುಗಳ ಬೆಲೆಯೆಷ್ಟು ಎಂದು ಹೋಲಿಸಿ ನೋಡುವುದಕ್ಕೆ ಮೊದಲೇ ಪ್ರತಿಯೊಬ್ಬರೂ ತಮ್ಮ ವಿವರಗಳನ್ನು ಕೊಟ್ಟು ಖಾತೆ ತೆರೆಯಬೇಕಾಗಿತ್ತು. ಅಂಗಡಿಯ ಬಾಗಿಲಲ್ಲಿಯೇ ಹೆಸರು, ವಿಳಾಸ ಬರೆಸಿಕೊಂಡು ಒಳಗೆ ಬಿಡುವಂತಹ ವ್ಯವಸ್ಥೆ ಇದು. ಬಾಗಿಲಲ್ಲಿ ಜನ ಕಿಕ್ಕಿರಿಯಲು ಇನ್ನೇನು ಬೇಕು? ಯಂತ್ರದ ಸಾಮರ್ಥ್ಯವನ್ನು ಕಾಗದದ ಮೇಲೆ ಅಳೆಯಲಾಗದು, ನಿಜ. ಆದರೆ ಪುಟಗಳ ಇಂತಹ ಅನುಕ್ರಮವನ್ನು ನಾಲ್ಕು ಹಾಳೆಗಳ ಮೇಲೆ ಬರೆದು ನಾಲ್ವರ ಮುಂದೆ ಇಟ್ಟರೆ ಅದರ ಲೋಪವು ಗೋಚರಿಸುತ್ತದೆ.

ಈ ಕಾರಣದಿಂದಲೇ ಜಾಲತಾಣವನ್ನು ನಿರ್ಮಿಸುವವರು ಮೊದಲು ಅದರ ಕರಡನ್ನು ಸಿದ್ಧಪಡಿಸುತ್ತಾರೆ. ಕರಡಿನಲ್ಲಿ ಹಲವು ಹಂತಗಳುಂಟು. ಮನಸ್ಸಿಗೆ ಬಂದುದನ್ನು ಕೈಬರಹದಲ್ಲಿ ಸರಸರನೆ ಗೀಚುವುದು ಮೊದಲನೆಯ ಹಂತ. ಯಾವ ಭಾಗ ಎಲ್ಲಿ ಬರಬೇಕೆಂಬುದನ್ನು ಚೌಕಗಳಿಂದಲೂ ಗೆರೆಗಳಿಂದಲೂ ಸ್ಪಷ್ಟವಾಗಿ ತೋರಿಸುವುದು ಎರಡನೆಯದು. ಇದನ್ನು ವೈರ್‌ಫ್ರೇಮ್ ಎನ್ನುತ್ತಾರೆ. ಬಣ್ಣ, ಅಕ್ಷರ, ಚಿತ್ರಗಳನ್ನು ಸೇರಿಸಿ ನಿಜವಾದ ಪುಟದಂತೆಯೇ ಕಾಣುವ ಹಾಗೆ ಮಾಡಿದರೆ ಅದು ಮಾಕಪ್. ಗುಂಡಿಯನ್ನು ಒತ್ತಿದಾಗ ಮುಂದಿನ ಪುಟವು ಬರುವಂತೆ ಏರ್ಪಡಿಸಿದರೆ ಅದು ಪ್ರೊಟೊಟೈಪ್. ಇವು ನಾಲ್ಕೂ ಅಗತ್ಯವೆಂದಾಗಲಿ, ಎಲ್ಲಕ್ಕೂ ದುಬಾರಿ ಸಲಕರಣೆಗಳು ಬೇಕೆಂದಾಗಲಿ ತಿಳಿಯಬೇಕಾಗಿಲ್ಲ. ಸಲಕರಣೆಯನ್ನು ಆರಿಸುವುದಕ್ಕೆ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ಈ ಕರಡಿನಿಂದ ನಾವು ಏನನ್ನು ತಿಳಿಯಲು ಬಯಸುತ್ತೇವೆ?

ಒಂದು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಜಾಲತಾಣವನ್ನು ರಚಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಓದುಗರು ಮೊದಲ ಪುಟದಲ್ಲಿ ಏನನ್ನು ಹುಡುಕುತ್ತಾರೆ, ಪುಸ್ತಕಗಳ ಪಟ್ಟಿಯನ್ನೋ ಗ್ರಂಥಾಲಯ ತೆರೆದಿರುವ ವೇಳೆಯನ್ನೋ ಎಂಬುದು ಮೊದಲನೆಯ ಸಂದೇಹ. ತಂದ ಪುಸ್ತಕವನ್ನು ಇನ್ನೂ ಒಂದು ವಾರ ಇಟ್ಟುಕೊಳ್ಳಲು ಬಯಸುವವರು ಎಷ್ಟು ಪುಟಗಳನ್ನು ದಾಟಬೇಕು ಎಂಬುದು ಎರಡನೆಯದು. ಕನ್ನಡಕ ಧರಿಸುವ ಹಿರಿಯರಿಗೆ ಆ ಅಕ್ಷರಗಳು ಓದಲು ಬರುತ್ತವೆಯೇ ಎಂಬುದು ಮೂರನೆಯದು. ಮೊದಲಿನ ಎರಡು ಪ್ರಶ್ನೆಗಳಿಗೆ ಪೆನ್ಸಿಲು ಕಾಗದಗಳೇ ಉತ್ತರ ಕೊಡಬಲ್ಲವು. ಮೂರನೆಯದಕ್ಕೆ ಮಾತ್ರ ಕಂಪ್ಯೂಟರಿನ ಅಥವಾ ಮೊಬೈಲಿನ ತೆರೆ ಬೇಕು. ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳದೆ ಸಲಕರಣೆಯನ್ನು ಮೊದಲು ಆರಿಸಿದವರು ಬಣ್ಣಗಳನ್ನು ತಿದ್ದುವುದರಲ್ಲಿಯೇ ದಿನಗಳನ್ನು ಕಳೆಯುತ್ತಾರೆ. ಅಷ್ಟರಲ್ಲಿ ಪುಸ್ತಕದ ಅವಧಿಯನ್ನು ವಿಸ್ತರಿಸುವ ದಾರಿ ಎಲ್ಲಿಯೂ ಇಲ್ಲವೆಂಬುದು ಮರೆತೇ ಹೋಗಿರುತ್ತದೆ.

ಕರಡಿಗೆ ಎಲ್ಲಕ್ಕಿಂತ ಸರಳವಾದ ಸಾಧನ ಸ್ಲೇಟು ಮತ್ತು ಬಳಪ. ಅದರ ನಂತರ ಕಾಗದ ಮತ್ತು ಪೆನ್ಸಿಲು. ಹಾಳೆಯ ಮೇಲೆ ಮೊಬೈಲಿನ ಅಳತೆಯಷ್ಟೇ ದೊಡ್ಡದಾದ ಚೌಕವನ್ನು ಬರೆದುಕೊಂಡರೆ ಅದರಲ್ಲಿ ಎಷ್ಟು ವಿಷಯ ಹಿಡಿಸುತ್ತದೆ ಎಂಬುದು ಕೂಡಲೇ ಅರಿವಾಗುತ್ತದೆ. ಒಂದೊಂದು ಪುಟಕ್ಕೂ ಒಂದೊಂದು ಹಾಳೆ ಇರಬೇಕು. ಪಟ್ಟಿ, ಗುಂಡಿ, ಸೂಚನೆ ಇವುಗಳನ್ನು ಬೇರೆ ಚೀಟಿಗಳ ಮೇಲೆ ಬರೆದು ಕತ್ತರಿಸಿಟ್ಟುಕೊಂಡರೆ ಅವುಗಳ ಜಾಗವನ್ನು ಬೇಕಾದಂತೆ ಬದಲಿಸಬಹುದು. ಚಿತ್ರಕಲೆಯಲ್ಲಿ ನೈಪುಣ್ಯ ಇರಬೇಕಾಗಿಲ್ಲ. ಚೌಕ, ಗೆರೆ, ಬಾಣದ ಗುರುತು ಮತ್ತು ಓದಬಲ್ಲ ಕೈಬರಹ ಇಷ್ಟಿದ್ದರೆ ಸಾಕು. ಹೀಗಾಗಿ ಗ್ರಂಥಪಾಲಕರು, ಜವಾನರು, ಓದಲು ಬರುವ ಮಕ್ಕಳು ಎಲ್ಲರೂ ಪೆನ್ಸಿಲನ್ನು ಕೈಗೆತ್ತಿಕೊಂಡು ತಮ್ಮ ಮನಸ್ಸಿನಲ್ಲಿರುವುದನ್ನು ಬರೆದು ತೋರಿಸಬಲ್ಲರು. ದುಬಾರಿ ತಂತ್ರಾಂಶದಿಂದ ಈ ಸಮಾನತೆ ದೊರೆಯುವುದಿಲ್ಲ. ಅಲ್ಲಿ ಅದನ್ನು ಬಲ್ಲವನೊಬ್ಬನೇ ಬರೆಯುತ್ತಾನೆ, ಉಳಿದವರು ನೋಡುತ್ತಾ ನಿಲ್ಲುತ್ತಾರೆ.

ಕಾಗದದ ಕರಡನ್ನು ಪರೀಕ್ಷಿಸುವ ಕ್ರಮವೂ ಸರಳವಾದುದೇ. ಮೇಜಿನ ಒಂದು ಕಡೆ ಜಾಲತಾಣವನ್ನು ಬಳಸುವ ಒಬ್ಬರನ್ನು ಕೂರಿಸಬೇಕು. ಎದುರಿಗೆ ಕುಳಿತವರಲ್ಲಿ ಒಬ್ಬರು ಕಂಪ್ಯೂಟರಿನ ಪಾತ್ರವನ್ನು ವಹಿಸುತ್ತಾರೆ. ಇನ್ನೊಬ್ಬರು ನೋಡಿದುದನ್ನು ಬರೆದುಕೊಳ್ಳುತ್ತಾರೆ. “ನೀವು ತೆಗೆದುಕೊಂಡುಹೋದ ಪುಸ್ತಕವನ್ನು ಇನ್ನೂ ಒಂದು ವಾರ ಇಟ್ಟುಕೊಳ್ಳಬೇಕಾಗಿದೆ. ಏನು ಮಾಡುತ್ತೀರಿ?” ಎಂದು ಮೊದಲೇ ಒಂದು ಕೆಲಸವನ್ನು ಹೇಳುತ್ತಾರೆ. ಬಳಸುವವರು ಕಾಗದದ ಗುಂಡಿಯ ಮೇಲೆ ಬೆರಳಿಡುತ್ತಾರೆ. ಕಂಪ್ಯೂಟರ್ ಆಗಿರುವವರು ತುಟಿ ಬಿಚ್ಚದೆ ಅದಕ್ಕೆ ಸೇರಿದ ಮುಂದಿನ ಹಾಳೆಯನ್ನು ಅವರ ಮುಂದಿಡುತ್ತಾರೆ. ಯಾರೂ ದಾರಿ ಹೇಳಿಕೊಡಬಾರದು. ಬೆರಳು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಕರಡಿನ ದೋಷವಿದೆ ಎಂದರ್ಥ. ಆ ಸ್ಥಳವನ್ನು ಗುರುತು ಹಾಕಿಕೊಂಡು, ಪರೀಕ್ಷೆ ಮುಗಿದ ಕೂಡಲೇ ರಬ್ಬರಿನಿಂದ ಅಳಿಸಿ ತಿದ್ದಬಹುದು. ಮುಂದಿನ ವ್ಯಕ್ತಿಯು ಬರುವ ಹೊತ್ತಿಗೆ ತಿದ್ದಿದ ಕರಡು ಸಿದ್ಧವಾಗಿರುತ್ತದೆ.

ಇಂತಹ ಒರಟು ಕರಡಿನಿಂದ ನಿಜವಾದ ದೋಷಗಳು ಸಿಕ್ಕಾವೇ ಎಂಬ ಸಂದೇಹ ಸಹಜ. ಇದನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. 1996ರಲ್ಲಿ ರಾಬರ್ಟ್ ವಿರ್ಜಿ ಮತ್ತು ಅವರ ಸಹೋದ್ಯೋಗಿಗಳು ಒರಟು ಕರಡುಗಳನ್ನೂ ಪೂರ್ಣರೂಪದ ಮಾದರಿಗಳನ್ನೂ ಹೋಲಿಸಿದಾಗ, ಎರಡರಲ್ಲಿಯೂ ಬಹುಮಟ್ಟಿಗೆ ಅವೇ ದೋಷಗಳು ಕಂಡುಬಂದವು. ಎಷ್ಟು ಜನರನ್ನು ಕೇಳಬೇಕು ಎಂಬ ಪ್ರಶ್ನೆಗೆ ಯಾಕೋಬ್ ನೀಲ್ಸನ್ ಅವರು 2000ದಲ್ಲಿ ಬರೆದ ಲೇಖನದಲ್ಲಿ ಉತ್ತರ ಕೊಟ್ಟಿದ್ದಾರೆ. ಅವರು ಪರಿಶೀಲಿಸಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರನಿಂದ ಸರಾಸರಿ ಶೇಕಡ 31ರಷ್ಟು ದೋಷಗಳು ಬೆಳಕಿಗೆ ಬರುತ್ತಿದ್ದವು. ಎರಡನೆಯವನು ಕಾಣುವ ದೋಷಗಳಲ್ಲಿ ಕೆಲವು ಮೊದಲನೆಯವನು ಕಂಡವೇ ಆಗಿರುತ್ತವೆ. ಮೂರನೆಯವನಲ್ಲಿ ಹೊಸವು ಇನ್ನೂ ಕಡಿಮೆ. ಈ ಲೆಕ್ಕದಂತೆ ಐವರನ್ನು ಪರೀಕ್ಷಿಸಿದರೆ ಸುಮಾರು ಶೇಕಡ 85ರಷ್ಟು ದೋಷಗಳು ತಿಳಿದುಬರುತ್ತವೆ. ಆದುದರಿಂದ ಹದಿನೈದು ಜನರನ್ನು ಒಮ್ಮೆಗೇ ಕೇಳುವುದಕ್ಕಿಂತ, ಐವರನ್ನು ಕೇಳಿ ತಿದ್ದಿ, ಮತ್ತೆ ಐವರನ್ನು ಕೇಳಿ ತಿದ್ದಿ, ಮೂರು ಸಲ ಹೀಗೆ ಮಾಡುವುದು ಮೇಲೆಂದು ಅವರು ತಿಳಿಸಿದ್ದಾರೆ. ಓದುಗರಲ್ಲಿ ಮಕ್ಕಳು, ವೃದ್ಧರು ಎಂಬ ಭಿನ್ನ ವರ್ಗಗಳಿದ್ದರೆ ಒಂದೊಂದು ವರ್ಗದಿಂದಲೂ ಕೆಲವರನ್ನು ಕೇಳಬೇಕಾಗುತ್ತದೆ.

ಸರಳ ಮಾದರಿಯ ಬಲವನ್ನು ತೋರಿಸುವ ಪ್ರಸಂಗವೊಂದು ಯಂತ್ರನಿರ್ಮಾಣದ ಚರಿತ್ರೆಯಲ್ಲಿದೆ. ಅಮೆರಿಕದ ಜೆಫ್ ಹಾಕಿನ್ಸ್ ಅವರು ಅಂಗಿಯ ಜೇಬಿನಲ್ಲಿ ಹಿಡಿಯುವಂತಹ ಪುಟ್ಟ ಕಂಪ್ಯೂಟರನ್ನು ರೂಪಿಸಲು ಹೊರಟಾಗ ಮೊದಲು ಮರದ ತುಂಡೊಂದನ್ನು ಆ ಅಳತೆಗೆ ಕತ್ತರಿಸಿಕೊಂಡರು. ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಾಡುತ್ತಾ, ಯಾರಾದರೂ ಭೇಟಿಗೆ ಸಮಯ ಕೇಳಿದಾಗ ತುಂಡನ್ನು ಹೊರತೆಗೆದು ಅದರ ಮೇಲೆ ಬರೆಯುವಂತೆ ನಟಿಸುತ್ತಿದ್ದರು. ಯಂತ್ರದಲ್ಲಿ ಏನಿರಬೇಕು, ಏನು ಬೇಡ ಎಂಬುದು ಆ ಮರದ ತುಂಡಿನಿಂದ ಅವರಿಗೆ ಮನದಟ್ಟಾಯಿತು. ಪಾಮ್‌ಪೈಲಟ್ ಎಂದು ಮುಂದೆ ಹೆಸರಾದ ಆ ಯಂತ್ರವು 1996ರಲ್ಲಿ ಮಾರುಕಟ್ಟೆಗೆ ಬಂದು ಜನಪ್ರಿಯವಾಯಿತು. ಮರದ ತುಂಡಿನಲ್ಲಿ ವಿದ್ಯುತ್ತಿಲ್ಲ, ತೆರೆಯಿಲ್ಲ; ಆದರೂ ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತು.

ಒರಟು ಕರಡಿಗೆ ಇನ್ನೊಂದು ಗುಣವುಂಟು. ಅದು ಜನರ ನಾಲಿಗೆಯನ್ನು ಬಿಡಿಸುತ್ತದೆ. ಮುಗಿದಂತೆ ಕಾಣುವ, ಬಣ್ಣ ತುಂಬಿದ ಚಿತ್ರವನ್ನು ಮುಂದಿಟ್ಟು “ಹೇಗಿದೆ?” ಎಂದು ಕೇಳಿದರೆ ಬಹುಮಂದಿ “ಚೆನ್ನಾಗಿದೆ” ಎನ್ನುತ್ತಾರೆ. ಇಷ್ಟು ಶ್ರಮಪಟ್ಟವರ ಮನಸ್ಸನ್ನು ನೋಯಿಸಬಾರದೆಂಬ ದಾಕ್ಷಿಣ್ಯ ಅವರನ್ನು ತಡೆಯುತ್ತದೆ. ಹೆಚ್ಚೆಂದರೆ ನೀಲಿಯ ಬದಲು ಹಸಿರು ಇದ್ದರೆ ಚೆನ್ನಿತ್ತು ಎಂದಾರು. ಪೆನ್ಸಿಲಿನ ಗೆರೆಗಳನ್ನು ಕಂಡಾಗಲಾದರೋ ಕೆಲಸ ಇನ್ನೂ ನಡೆಯುತ್ತಿದೆ, ತಮ್ಮ ಮಾತಿಗೆ ಎಡೆಯಿದೆ ಎಂಬ ಭಾವನೆ ಅವರಲ್ಲಿ ಮೂಡುತ್ತದೆ. ಒಂದರ ಬದಲು ಎರಡು ಮೂರು ಕರಡುಗಳನ್ನು ತೋರಿಸುವುದು ಇನ್ನೂ ಉತ್ತಮ. 2006ರಲ್ಲಿ ಮರಿಯಮ್ ತೊಹಿದಿ, ಬಿಲ್ ಬಕ್ಸ್‌ಟನ್ ಮೊದಲಾದವರು ಮನೆಯ ಉಷ್ಣತೆಯನ್ನು ನಿಯಂತ್ರಿಸುವ ಸಾಧನವೊಂದರ ಕಾಗದದ ಕರಡುಗಳನ್ನು ಜನರಿಗೆ ತೋರಿಸಿ ಪ್ರಯೋಗ ನಡೆಸಿದರು. ಒಂದೇ ಕರಡನ್ನು ಕಂಡವರು ಅದನ್ನು ಹೊಗಳುವ ಕಡೆಗೆ ವಾಲಿದರು. ಮೂರು ಕರಡುಗಳನ್ನು ಕಂಡವರು ಕುಂದುಕೊರತೆಗಳನ್ನು ಹೆಚ್ಚು ಧಾರಾಳವಾಗಿ ಹೇಳಿದರು. ಹೋಲಿಸಲು ಅವಕಾಶವಿದ್ದಾಗ ಟೀಕೆಯು ಚಿತ್ರದ ಮೇಲೆ ಬೀಳುತ್ತದೆ, ಚಿತ್ರಕಾರನ ಮೇಲೆ ಬೀಳುವುದಿಲ್ಲ.

ಆದರೆ ಕಾಗದಕ್ಕೂ ಮಿತಿಗಳಿವೆ. ಅಭಿಪ್ರಾಯ ಹೇಳಬೇಕಾದವರು ಬೇರೆ ಊರಿನಲ್ಲಿದ್ದರೆ ಹಾಳೆಗಳನ್ನು ಅವರ ಮುಂದೆ ಬದಲಾಯಿಸಲಾಗದು. ಅಕ್ಷರಗಳ ಗಾತ್ರ, ಬಣ್ಣಗಳ ವ್ಯತ್ಯಾಸ ಇವುಗಳನ್ನು ಕಾಗದದಿಂದ ನಿರ್ಣಯಿಸಲಾಗದು. ಆಗ ಕಂಪ್ಯೂಟರಿನ ಸಲಕರಣೆಗಳು ನೆರವಿಗೆ ಬರುತ್ತವೆ. ಪಾಠಕ್ಕೆ, ಭಾಷಣಕ್ಕೆ ಬಳಸುವ ಸ್ಲೈಡ್ ತಯಾರಿಸುವ ತಂತ್ರಾಂಶವೇ ಅನೇಕ ಸಂದರ್ಭಗಳಲ್ಲಿ ಸಾಕಾಗುತ್ತದೆ. ಒಂದೊಂದು ಸ್ಲೈಡನ್ನೂ ಒಂದೊಂದು ಪುಟವೆಂದು ಭಾವಿಸಿ ಅವುಗಳ ನಡುವೆ ಕೊಂಡಿಗಳನ್ನು ಹಾಕಬಹುದು. 2008ರಲ್ಲಿ ಹೊರಬಂದ ಬಾಲ್ಸಾಮಿಕ್ ಎಂಬ ತಂತ್ರಾಂಶವು ಕೈಯಿಂದ ಗೀಚಿದಂತೆಯೇ ಕಾಣುವ ಚಿತ್ರಗಳನ್ನು ಬೇಕೆಂದೇ ರಚಿಸುತ್ತದೆ. 2020ರಲ್ಲಿ ಬಂದ ಎಕ್ಸ್‌ಕ್ಯಾಲಿಡ್ರಾ ಎಂಬುದೂ ಇದೇ ರೀತಿಯದು. ಖಾತೆ ತೆರೆಯದೆ ಬ್ರೌಸರಿನಲ್ಲಿಯೇ ಅದನ್ನು ಬಳಸಬಹುದು. 2016ರಿಂದ ಎಲ್ಲರಿಗೂ ದೊರೆಯುತ್ತಿರುವ ಫಿಗ್ಮಾದಲ್ಲಿ ಹಲವರು ಒಂದೇ ಚಿತ್ರವನ್ನು ಒಟ್ಟಿಗೆ ತಿದ್ದಬಹುದು, ಚಿತ್ರದ ಬೇಕಾದ ಜಾಗದಲ್ಲಿಯೇ ಟಿಪ್ಪಣಿಯನ್ನು ಅಂಟಿಸಬಹುದು. ಸ್ಪೇನ್ ದೇಶದಲ್ಲಿ ಹುಟ್ಟಿದ ಪೆನ್‌ಪಾಟ್ ಎಂಬುದು ಮುಕ್ತ ತಂತ್ರಾಂಶ. ಅದನ್ನು ಸಂಸ್ಥೆಯೊಂದು ತನ್ನ ಸ್ವಂತ ಕಂಪ್ಯೂಟರಿನಲ್ಲಿಯೇ ಸ್ಥಾಪಿಸಿಕೊಳ್ಳಬಹುದು.

ಇಷ್ಟೊಂದು ಸಲಕರಣೆಗಳಲ್ಲಿ ಯಾವುದನ್ನು ಆರಿಸಬೇಕು? ಬರೆಯುವವನ ಅನುಕೂಲಕ್ಕಿಂತ ಅಭಿಪ್ರಾಯ ಕೊಡುವವರ ಅನುಕೂಲವನ್ನು ಮೊದಲು ನೋಡಬೇಕು. ಅವರು ಖಾತೆ ತೆರೆಯದೆ, ಹಣ ಕೊಡದೆ ಕರಡನ್ನು ನೋಡಬಲ್ಲರೇ? ಅವರ ಬಳಿ ಇರುವ ಸಾಮಾನ್ಯ ಮೊಬೈಲಿನಲ್ಲಿ, ನಿಧಾನವಾದ ಸಂಪರ್ಕದಲ್ಲಿ ಅದು ತೆರೆಯುತ್ತದೆಯೇ? ಅದರಲ್ಲಿ ಕನ್ನಡವನ್ನು ಬರೆಯಲು ಬರುತ್ತದೆಯೇ? ಮಾಡಿದ ಕೆಲಸವನ್ನು ಬೇರೆಡೆಗೆ ಒಯ್ಯಲು ಸಾಧ್ಯವೇ? ಕೊನೆಯ ಪ್ರಶ್ನೆಯನ್ನು ಅನೇಕರು ಮರೆಯುತ್ತಾರೆ. ಕರಡುಗಳನ್ನು ಹಂಚಿಕೊಂಡು ಅಭಿಪ್ರಾಯಗಳನ್ನು ಸಂಗ್ರಹಿಸಲು ಒಂದು ಕಾಲದಲ್ಲಿ ಬಹಳ ಪ್ರಸಿದ್ಧವಾಗಿದ್ದ ಇನ್‌ವಿಷನ್ ಎಂಬ ಸೇವೆಯು 2024ರ ಕೊನೆಗೆ ನಿಂತುಹೋಯಿತು. ಅದನ್ನೇ ನಂಬಿದ್ದವರು ತಮ್ಮ ಚಿತ್ರಗಳನ್ನು ಅದಕ್ಕೆ ಮೊದಲೇ ಹೊರಗೆ ತೆಗೆದುಕೊಳ್ಳಬೇಕಾಯಿತು. ಯಾವ ಸಲಕರಣೆಯನ್ನು ಬಳಸಿದರೂ ಪ್ರತಿಯೊಂದು ಹಂತದ ಕರಡನ್ನು ಎಲ್ಲಿಯಾದರೂ ತೆರೆಯಬಲ್ಲ ಪಿಡಿಎಫ್ ಅಥವಾ ಚಿತ್ರದ ರೂಪದಲ್ಲಿ ಉಳಿಸಿಡುವುದು ಕ್ಷೇಮ. ಕಾಗದದ ಕರಡನ್ನಾದರೆ ಮೊಬೈಲಿನಿಂದ ಒಂದು ಛಾಯಾಚಿತ್ರ ತೆಗೆದಿಟ್ಟರೆ ಸಾಕು.

ಕನ್ನಡದ ಜಾಲತಾಣಕ್ಕೆ ಕರಡು ಮಾಡುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಗಳಿವೆ. ಬರವಣಿಗೆ ಬರಬೇಕಾದ ಸ್ಥಳಗಳಲ್ಲಿ ಲೋರೆಮ್ ಇಪ್ಸಮ್ ಎಂದು ತೊಡಗುವ ಅರ್ಥವಿಲ್ಲದ ಲ್ಯಾಟಿನ್ ಪದಗಳನ್ನು ತುಂಬಿಸುವುದು ಮುದ್ರಣದ ಕಾಲದಿಂದ ಬಂದ ರೂಢಿ. ಇದು ಕನ್ನಡಕ್ಕೆ ಒಪ್ಪುವುದಿಲ್ಲ. ನಮ್ಮ ಲಿಪಿಯಲ್ಲಿ ಅಕ್ಷರದ ಮೇಲೆ ಗುಡಿಸು, ಕೆಳಗೆ ಒತ್ತಕ್ಷರಗಳು ಬರುತ್ತವೆ. ‘ಸ್ತ್ರೀ’, ‘ರಾಷ್ಟ್ರ’ ಎಂಬ ಪದಗಳಲ್ಲಿ ಒತ್ತುಗಳು ಸಾಲಿನ ಕೆಳಗೆ ಎಷ್ಟು ಇಳಿಯುತ್ತವೆ ಎಂಬುದನ್ನು ನೋಡಿರಿ. ಲ್ಯಾಟಿನ್ ಅಕ್ಷರಗಳಿಗೆ ಸರಿಹೋಗುವ ಸಾಲುಗಳ ಅಂತರದಲ್ಲಿ ಕನ್ನಡವನ್ನು ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪದಗಳ ಉದ್ದವೂ ಬೇರೆ. ಇಂಗ್ಲಿಷಿನಲ್ಲಿ ‘ರಿನ್ಯೂ’ ಎಂಬ ಐದಕ್ಷರದ ಪದವು ಹಿಡಿಸುವ ಗುಂಡಿಯಲ್ಲಿ ‘ಅವಧಿಯನ್ನು ವಿಸ್ತರಿಸಿ’ ಎಂಬುದು ಹಿಡಿಸುವುದಿಲ್ಲ. ಆದುದರಿಂದ ಕರಡಿನ ಹಂತದಲ್ಲಿಯೇ ನಿಜವಾದ ಕನ್ನಡ ವಾಕ್ಯಗಳನ್ನು, ನಿಜವಾದ ಪುಸ್ತಕಗಳ ಹೆಸರುಗಳನ್ನು ಬರೆಯಬೇಕು. ಆಗ ಮಾತುಗಳು ಅರ್ಥವಾಗುತ್ತವೆಯೇ ಎಂಬ ಪರೀಕ್ಷೆಯೂ ಜೊತೆಯಲ್ಲಿಯೇ ನಡೆಯುತ್ತದೆ.

ಕಣ್ಣಿನ ಶಕ್ತಿ ಕುಂದಿದವರನ್ನೂ ಮರೆಯಬಾರದು. ಜಾಲಪುಟಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ರೂಪಿಸಿರುವ ಅಂತಾರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಹೊಳಪಿನ ಅನುಪಾತವು ಕನಿಷ್ಠ 4.5ಕ್ಕೆ 1 ಇರಬೇಕು. ಬಿಳಿಯ ಮೇಲಿನ ಅಚ್ಚ ಕಪ್ಪಿಗೆ ಇದು 21ಕ್ಕೆ 1. ಮಾಸಲು ಬೂದು ಬಣ್ಣದ ಅಕ್ಷರಗಳು ಚಿತ್ರದಲ್ಲಿ ಸೊಗಸಾಗಿ ಕಂಡರೂ ಬಿಸಿಲಿನಲ್ಲಿ ಮೊಬೈಲನ್ನು ಹಿಡಿದವನಿಗೆ ಕಾಣುವುದೇ ಇಲ್ಲ. ದೃಷ್ಟಿಹೀನರು ಪುಟವನ್ನು ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಆಸ್ಟ್ರೇಲಿಯದಲ್ಲಿ 2006ರಲ್ಲಿ ಆರಂಭವಾದ ಎನ್‌ವಿಡಿಎ ಎಂಬುದು ಶುಲ್ಕವಿಲ್ಲದೆ ದೊರೆಯುತ್ತದೆ. ಈ ಪರೀಕ್ಷೆಯನ್ನು ಕಾಗದದಿಂದಾಗಲಿ ಬಣ್ಣದ ಚಿತ್ರದಿಂದಾಗಲಿ ಮಾಡಲಾಗದು. ಅದಕ್ಕೆ ಎಚ್‌ಟಿಎಂಎಲ್ ಭಾಷೆಯಲ್ಲಿ ಬರೆದ, ಅಲಂಕಾರವಿಲ್ಲದ ಒಂದು ಸರಳ ಪುಟವೇ ಬೇಕು. ಎಲ್ಲ ಪ್ರಶ್ನೆಗಳಿಗೂ ಒಂದೇ ಸಲಕರಣೆ ಸಾಲದು ಎಂಬುದಕ್ಕೆ ಇದು ಉತ್ತಮ ಉದಾಹರಣೆ.

ಸಲಕರಣೆ ಎಷ್ಟೇ ಒಳ್ಳೆಯದಾದರೂ ಅಭಿಪ್ರಾಯ ಕೇಳುವ ರೀತಿ ತಪ್ಪಾದರೆ ಪ್ರಯೋಜನವಿಲ್ಲ. “ನಿಮಗೆ ಇಷ್ಟವಾಯಿತೇ?” ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಏನನ್ನೂ ತಿದ್ದಲಾಗದು. “ಈ ಪುಟದಲ್ಲಿ ಮೊದಲು ನಿಮ್ಮ ಕಣ್ಣಿಗೆ ಬಿದ್ದುದು ಯಾವುದು?”, “ಈ ಗುಂಡಿಯನ್ನು ಒತ್ತಿದರೆ ಏನಾಗುತ್ತದೆಂದು ನಿಮಗೆ ತೋರುತ್ತದೆ?” ಎಂದು ಕೇಳಬೇಕು. ಬಂದ ಅಭಿಪ್ರಾಯಗಳು ಒಬ್ಬರ ಪತ್ರದಲ್ಲಿ, ಇನ್ನೊಬ್ಬರ ಫೋನಿನ ಮಾತಿನಲ್ಲಿ, ಮತ್ತೊಬ್ಬರ ವಾಟ್ಸಾಪ್ ಸಂದೇಶದಲ್ಲಿ ಚದುರಿಹೋಗಬಾರದು. ಒಂದು ನೋಟುಪುಸ್ತಕದಲ್ಲಿ ಅಥವಾ ಒಂದು ಕೋಷ್ಟಕದಲ್ಲಿ ಎಲ್ಲವನ್ನೂ ಕ್ರಮಸಂಖ್ಯೆಯೊಡನೆ ಬರೆದುಕೊಳ್ಳಬೇಕು. ಯಾವ ದಿನಾಂಕದ ಕರಡು, ಯಾವ ಪುಟ, ಹೇಳಿದುದೇನು, ಕೈಗೊಂಡ ನಿರ್ಣಯವೇನು ಎಂಬ ನಾಲ್ಕು ಅಂಕಣಗಳಿದ್ದರೆ ಸಾಕು. ಎಲ್ಲರ ಮಾತನ್ನೂ ಕೇಳಬೇಕು. ಆದರೆ ಎಲ್ಲರ ಮಾತನ್ನೂ ನಡೆಸಲಾಗದು. ಪುಸ್ತಕದ ಅವಧಿಯನ್ನು ವಿಸ್ತರಿಸುವ ದಾರಿ ಮೂವರಿಗೆ ಕಾಣಲಿಲ್ಲವೆಂದರೆ ತಿದ್ದಲೇಬೇಕು. ಒಬ್ಬರಿಗೆ ಹಸಿರು ಬಣ್ಣ ಮೆಚ್ಚುಗೆಯಾಗಲಿಲ್ಲವೆಂದರೆ ಕಾಯಬಹುದು. ಒಪ್ಪಿಕೊಳ್ಳದ ಸಲಹೆಗೂ ಕಾರಣವನ್ನು ತಿಳಿಸಿದರೆ ಹೇಳಿದವರು ಮುಂದಿನ ಸಲವೂ ಮನಬಿಚ್ಚಿ ಹೇಳುತ್ತಾರೆ.

ಕರಡನ್ನು ತಿದ್ದುವ ಕೆಲಸಕ್ಕೂ ಒಂದು ಕೊನೆಯಿರಬೇಕು. ಹೊಸಬರ ಮುಂದೆ ಇಟ್ಟಾಗಲೂ ಬೆರಳು ತಡವರಿಸದೆ ಕೆಲಸ ಮುಗಿಯುವುದಾದರೆ, ಹೊಸ ದೋಷಗಳು ಬರುವುದು ನಿಂತರೆ, ಕಟ್ಟುವ ಕೆಲಸವನ್ನು ಆರಂಭಿಸಬಹುದೆಂದು ತಿಳಿಯಬೇಕು. ಕಟ್ಟಿದ ಮೇಲೂ ಕೇಳುವುದನ್ನು ನಿಲ್ಲಿಸಬೇಕಾಗಿಲ್ಲ. ಬ್ರಿಟನ್ ಸರ್ಕಾರವು ತನ್ನ ಹಲವು ಸೇವೆಗಳಿಗೆ ಒಂದೇ ಜಾಲತಾಣವನ್ನು ರೂಪಿಸಲು ತೊಡಗಿದಾಗ 2011ರ ಮೇ ತಿಂಗಳಲ್ಲಿಯೇ ಅದರ ಪ್ರಾಯೋಗಿಕ ರೂಪವನ್ನು ಜನರ ಮುಂದಿಟ್ಟಿತು. ಬಂದ ಅಭಿಪ್ರಾಯಗಳ ಬೆಳಕಿನಲ್ಲಿ ತಿದ್ದಿ, 2012ರ ಆರಂಭದಲ್ಲಿ ಎರಡನೆಯ ರೂಪವನ್ನು ಹೊರತಂದಿತು. ಹಳೆಯ ತಾಣಗಳ ಸ್ಥಾನವನ್ನು ಗವ್.ಯುಕೆ ಎಂಬ ಈ ಹೊಸ ತಾಣವು ಪಡೆದುದು 2012ರ ಅಕ್ಟೋಬರ್ 17ರಂದು. ಅಲಂಕಾರವಿಲ್ಲದ ಆ ತಾಣಕ್ಕೆ ಮರುವರ್ಷ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ಅತ್ಯುತ್ತಮ ವಿನ್ಯಾಸವೆಂಬ ಪ್ರಶಸ್ತಿಯನ್ನು ನೀಡಿತು.

ಜಾಲತಾಣದಲ್ಲಿ ದಾರಿ ತಪ್ಪಿದ ಸಾಮಾನ್ಯ ಮನುಷ್ಯನು ಅದನ್ನು ಕಟ್ಟಿದವರನ್ನು ದೂರುವುದಿಲ್ಲ. ತನಗೆ ವಿದ್ಯೆ ಸಾಲದು, ತನಗೆ ಇದೆಲ್ಲ ತಿಳಿಯದು ಎಂದುಕೊಂಡು ಸುಮ್ಮನಾಗುತ್ತಾನೆ. ಅವನಿಗೆ ಸಲ್ಲಬೇಕಾದ ವಿದ್ಯಾರ್ಥಿವೇತನವೋ ವೃದ್ಧಾಪ್ಯ ವೇತನವೋ ಹಾಗೆಯೇ ನಿಂತುಹೋಗುತ್ತದೆ. ಅವನ ಮೌನವು ಕಟ್ಟಿದವರ ಕಿವಿಗೆ ಕೇಳಿಸುವುದಿಲ್ಲ. ಪುಟವು ಇನ್ನೂ ಪೆನ್ಸಿಲಿನ ಗೆರೆಯಾಗಿರುವಾಗಲೇ ಅಂಥವನೊಬ್ಬನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಬೆರಳು ಎಲ್ಲಿ ನಿಲ್ಲುತ್ತದೆಂದು ನೋಡುವುದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು, ಒಂದು ರಬ್ಬರು ಮತ್ತು ಎದುರಿನವರ ಮಾತನ್ನು ಕೇಳುವ ತಾಳ್ಮೆ ಇಷ್ಟಿದ್ದರೆ ಸಾಕು.